ಫಾರ್ಮ್ಯಾಟ್ ಹೊಡಿಯೂಕಿಂತ ಮೊದಲ

ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಮುಂಜಾನೆ, ಮನೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರ ಎದುರು ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಬಾಯಿಗೆ ಬಂದ ನಮ್ಮ ಕಡೆಯ ಮಾತು ಅಲ್ಲಲ್ಲಿ ಹಾಗೇ ಉಳಿದಿದೆ.

ಎಲ್ಲರಿಗೂ ಶರಣು.

ನನ್ನ ಫೋನಿಗೆ ದಿನಾಲೂ ಬರುವ ಮಾತು ಒಂದೇ: "ಸರ, ಕಂಪ್ಯೂಟರ್ ಚಾಲೂ ಆಗವಲ್ದ್ರಿ." ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತ ಬಂದಿದ್ದೇನೆ, ಈ ಮಾತಿನಿಂದ ನನಗೆ ಇವತ್ತಿಗೂ ಏನೂ ತಿಳಿಯುವುದಿಲ್ಲ. ಬಟನ್ ಒತ್ತಿದರೆ ದೀಪವೇ ಹತ್ತದವರೂ ಇದನ್ನೇ ಹೇಳುತ್ತಾರೆ. ವಿಂಡೋಸ್ ಬಂದು, ಮೌಸ್ ಆಡಿ, ಕನ್ನಡ ಟೈಪಿಂಗಿನ ನುಡಿ ತೆರೆಯುವ ಹೊತ್ತಿಗೆ ಗಪ್ಪಂತ ನಿಲ್ಲುವವರೂ ಇದನ್ನೇ ಹೇಳುತ್ತಾರೆ. ಡಾಕ್ಟರ ಮುಂದೆ ಕೂತು "ಆರಾಮಿಲ್ಲ" ಅಂದು ಸುಮ್ಮನಾದ ಹಾಗೆ. ಅದಕ್ಕೇ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಎಲ್ಲಿಗೆ ಬಂದು ನಿಂತೈತ್ರಿ?" ಇವತ್ತಿನ ಮಾತೆಲ್ಲ ಈ ಪ್ರಶ್ನೆಯದೇ.

ಮೇಜಿನ ಮೇಲಿರುವ ಈ ಸಿಪಿಯು ನೋಡಿರಿ. ಇಡೀ ಡಬ್ಬಿಗೆ ಸಿಪಿಯು ಅನ್ನುವುದು ತಪ್ಪು, ಒಳಗಿನ ಚಿಪ್ಪಿಗೆ ಮಾತ್ರ ಹಾಗನ್ನಬೇಕು ಅಂತ ಪುಸ್ತಕದವರು ಹೇಳುತ್ತಾರೆ. ನಾನಂತೂ ಡಬ್ಬಿಗೇ ಅನ್ನುವವನು. ಇದು ಗುಳೇದಗುಡ್ಡದಿಂದ ಬಂದ ಅಕ್ಕಾರದು. ಮನೆಯ ಪಡಸಾಲೆಯಲ್ಲೇ ಡಿಟಿಪಿ ಮಾಡುತ್ತಾರೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ತೊಟ್ಟಿಲ ಕಾರ್ಯಕ್ರಮದ ಕಾರ್ಡು. ವಿಂಡೋಸ್ 7, ಪುಟ ಜೋಡಿಸಲಿಕ್ಕೆ ಪೇಜ್‌ಮೇಕರ್ 7, ನುಡಿ. ಪೇಜ್‌ಮೇಕರಿನ ಆ ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯದು. ಮಾಡಿದ ಕಂಪನಿಯೇ ಅದನ್ನು ಬಿಟ್ಟು ಮುಂದೆ ಹೋಗಿದೆ, ನಮ್ಮ ಲಗ್ನಪತ್ರಿಕೆಗಳು ಇನ್ನೂ ಬಿಟ್ಟಿಲ್ಲ. "ಹೊಸಾದು ತಗೋರಿ" ಅನ್ನುವವರಿಗೆ ಇದು ತಿಳಿಯುವುದಿಲ್ಲ. ಹತ್ತು ಹದಿನೈದು ವರ್ಷದ ಫೈಲು, ಅವುಗಳ ಫಾಂಟು, ಕೈಗೆ ಹತ್ತಿದ ಕೀಬೋರ್ಡು ಎಲ್ಲವೂ ಹಳೆಯದಕ್ಕೆ ಗಂಟು ಬಿದ್ದಿರುತ್ತವೆ.

ಅಕ್ಕಾರು ಹೇಳಿದ್ದು ಹೀಗೆ. ಬಟನ್ ಒತ್ತಿದರೆ ಚಾಲೂ ಆಗುತ್ತದೆ, ವಿಂಡೋಸಿನ ನಾಲ್ಕು ಬಣ್ಣದ ಗುರುತು ಬರುತ್ತದೆ, ಅಲ್ಲೇ ಹತ್ತು ನಿಮಿಷ ಕೂರುತ್ತದೆ, ಆಮೇಲೆ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಮೂರು ಕಡೆ ತೋರಿಸಿದ್ದಾರೆ. ಮೂವರೂ ಡಬ್ಬಿ ಬಿಚ್ಚದೆ ಒಂದೇ ತೀರ್ಪು ಕೊಟ್ಟಿದ್ದಾರೆ: "ಫಾರ್ಮ್ಯಾಟ್ ಹೊಡಿಬೇಕಾಗ್ತೈತಿ." ಫೈಲುಗಳೆಲ್ಲ ಇರುವ ಡಿಸ್ಕು ಒರೆಸಿ ವಿಂಡೋಸ್ ಹೊಸದಾಗಿ ಕೂರಿಸುವುದಕ್ಕೆ ಹಾಗನ್ನುತ್ತಾರೆ. ಈ ಮಷಿನ್ ಆಮೇಲೆ ಬಿಚ್ಚೋಣ. ಮೊದಲು ಕರೆಂಟಿನಿಂದ ಬರೋಣ.

ಮಷಿನ್ ಬಂದು ನಿಲ್ಲುವ ಮೊದಲ ನಿಲ್ದಾಣ ಇದು: ದೀಪವೇ ಹತ್ತದಿದ್ದರೆ ಗೋಡೆಯಿಂದ ನೋಡುತ್ತ ಬರಬೇಕು. ಆ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಚುಚ್ಚಿ ನೋಡಿರಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಕೊಟ್ಟು ನೋಡಿರಿ. ಕಂಪ್ಯೂಟರ್ ಸತ್ತಿದೆ ಅಂತ ಹೊತ್ತು ತಂದವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಸತ್ತದ್ದು ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿ. ಸಿಪಿಯು ಹಿಂದೆ, ವೈರು ಸಿಗಿಸುವಲ್ಲಿ, ಹಳೆಯ ಎಸ್‌ಎಂಪಿಎಸ್‌ಗಳಿಗೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸುವ ಡಬ್ಬಿಗಳಿಗೆ, ಒಂದು ಕೆಂಪು ಸ್ವಿಚ್ಚು ಇರುತ್ತದೆ, 115 ಅಥವಾ 230 ಅಂತ. ಸೂಟಿಗೆ ಬಂದ ಮೊಮ್ಮಕ್ಕಳಿಗೆ ಅದರ ಮೇಲೆ ಬಲು ಪ್ರೀತಿ. ಅದು 115ರ ಕಡೆಗೆ ಹೋದಾಗ ನಮ್ಮ 230 ವೋಲ್ಟು ಕೊಟ್ಟರೆ ಢಂ ಅಂತ ಒಂದು ಸಪ್ಪಳ, ಸುಟ್ಟ ವಾಸನೆ, ಅಷ್ಟೇ. ಬರೀ ಎಸ್‌ಎಂಪಿಎಸ್ ಹೋಗಿದ್ದರೆ ಪುಣ್ಯ.

ಆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬೇಡಿರಿ. ವೈರು ಕಿತ್ತ ಮೇಲೂ ಒಳಗೆ ಕರೆಂಟು ಹಿಡಿದಿಡುವ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಒಮ್ಮೆ ಒಂದರಲ್ಲಿ ಹಲ್ಲಿ ಸಿಕ್ಕಿತ್ತು. ಬೆಚ್ಚಗಿನ ಜಾಗ ಅಂತ ಹೋಗಿ ಎರಡು ತುದಿಗೆ ಒಂದೇ ಸಲ ಮೈ ತಾಗಿಸಿತ್ತು. ಹಲ್ಲಿಯೂ ಹೋಯಿತು, ಎಸ್‌ಎಂಪಿಎಸ್ಸೂ ಹೋಯಿತು. ಹಿಂದಿನ ಖಾಲಿ ಸ್ಲಾಟುಗಳ ತಗಡು ಕಳೆದಿದ್ದರೆ ಒಂದು ರಟ್ಟಾದರೂ ಕತ್ತರಿಸಿ ಮುಚ್ಚಿರಿ.

ಇನ್ನೊಂದು. ಡಬ್ಬಿ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಹೇಳುವವರಿದ್ದಾರೆ. ಅದು ಹೆಚ್ಚಾಗಿ ಕಂಪ್ಯೂಟರಿನ ರೋಗವಲ್ಲ, ನಿಮ್ಮ ಮನೆಯ ಅರ್ಥಿಂಗಿನದು. ಕರೆಂಟಿನ ಗದ್ದಲ ಸೋಸಲಿಕ್ಕೆ ಎಸ್‌ಎಂಪಿಎಸ್‌ನಲ್ಲಿ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಸೋಸಿದ್ದನ್ನು ಡಬ್ಬಿಯ ಮೈಗೆ ಬಿಡುತ್ತವೆ, ಮೈಯಿಂದ ಅದು ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಹೋಗಬೇಕು. ನಾವು ಎರಡು ತೂತಿನ ಬೋರ್ಡಿಗೆ ಕೂರಲಿ ಅಂತ ಆ ಮೂರನೇ ಪಿನ್ನನ್ನೇ ಮುರಿದಿರುತ್ತೇವೆ. ಹಾದಿ ಇಲ್ಲದ್ದಕ್ಕೆ ಅದು ನಿಮ್ಮ ಬೆರಳು ಹುಡುಕುತ್ತದೆ.

ಈಗ ಎರಡನೇ ನಿಲ್ದಾಣ: ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮೊದಲು ಮಾನಿಟರಿನ ವೈರು ಯಾವ ತೂತಿನಲ್ಲಿದೆ ನೋಡಿರಿ. ಡಬ್ಬಿಯಲ್ಲಿ ಚಿತ್ರಕ್ಕೆಂದೇ ಬೇರೆ ಗ್ರಾಫಿಕ್ಸ್ ಕಾರ್ಡು ಇದ್ದರೆ ವೈರು ಕೆಳಗಿನ ಕಾರ್ಡಿಗೆ ಹೋಗಬೇಕು, ಮೇಲೆ ಮದರ್‌ಬೋರ್ಡಿಗಲ್ಲ. ಎಲ್ಲ ಭಾಗ ಬಂದು ಸೇರುವ ಆ ಹಲಗೆಗೆ ಮುಂದೆ ಬೋರ್ಡು ಅಂತಲೇ ಅನ್ನುತ್ತೇನೆ. ದೀಪಾವಳಿಗೆ ಸುಣ್ಣ ಹಚ್ಚಲು ಎಲ್ಲ ಕಿತ್ತಿಟ್ಟು ಮರಳಿ ಜೋಡಿಸಿದ ವಾರದಲ್ಲಿ ಈ ದೂರು ಹೆಚ್ಚು.

ವೈರು ಸರಿ ಇದ್ದರೆ ಕಿವಿ ಕೊಡಿರಿ. ಬಟನ್ ಒತ್ತಿದ ಕೂಡಲೇ ಬೋರ್ಡು ತನ್ನ ಕೈಕಾಲು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ: ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ) ಇದೆಯೇ, ಡಿಸ್‌ಪ್ಲೇ ಇದೆಯೇ, ಕೀಬೋರ್ಡು ಇದೆಯೇ. ಪರದೆ ಬರುವ ಮೊದಲೇ ಏನಾದರೂ ಇಲ್ಲ ಅಂದರೆ ಹೇಳಲಿಕ್ಕೆ ಬಾಯಿಲ್ಲ, ಅದಕ್ಕೆ ಬೀಪ್ ಹೊಡೆಯುತ್ತದೆ. ಹೀಗೆ ಮೊದಲು ಎದ್ದು ನೋಡುವ, ಬೋರ್ಡಿನೊಳಗಿನ ಪ್ರೋಗ್ರಾಮೇ ಬಯೋಸ್. ಹಳೆಯ ಅವಾರ್ಡ್ ಕಂಪನಿಯ ಬಯೋಸಿನಲ್ಲಿ ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಡೆ ನೋಡು ಅಂತ ಅರ್ಥ. ಎಎಂಐ ಬಯೋಸಿನಲ್ಲಿ ಮೂರು ಬೀಪ್ ರ‍್ಯಾಮಿನ ಕಡೆಗೆ ಬೊಟ್ಟು ಮಾಡುತ್ತವೆ. ಬೋರ್ಡಿನಿಂದ ಬೋರ್ಡಿಗೆ ಲೆಕ್ಕ ಬೇರೆ, ಬಾಯಿಪಾಠ ಮಾಡುವುದು ಬೇಡ. ಎಷ್ಟು ಬೀಪು, ಉದ್ದವೋ ಗಿಡ್ಡವೋ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಸಾಕು, ರಿಪೇರಿಯವನ ಅರ್ಧ ತಾಸು ಉಳಿಯುತ್ತದೆ.

ರ‍್ಯಾಮ್ ಅಂದ ಮೇಲೆ ಅಳಿಸುವ ರಬ್ಬರಿನ ಮಾತು ಬರಲೇಬೇಕು. ನಮ್ಮ ಧಂಧೆಯ ಮೂಲಮಂತ್ರ ಅದು. ನೋಡಿದವರು ನಗುತ್ತಾರೆ: ಇಷ್ಟು ಕಲಿತ ಹುಡುಗ, ಎರಡನೇತ್ತೆಯವರ ರಬ್ಬರ್ ಹಿಡಿದು ಕೂತಿದ್ದಾನೆ ಅಂತ. ಆದರೆ ಅದರಲ್ಲಿ ಅರ್ಥವಿದೆ. ರ‍್ಯಾಮಿನ ಅಂಚಿನಲ್ಲಿ ಸಾಲಾಗಿ ಬಂಗಾರದ ಬಣ್ಣದ ಗೆರೆಗಳಿವೆಯಲ್ಲ, ಅವುಗಳ ಮೇಲೆ ವರ್ಷಗಟ್ಟಲೆ ತೆಳ್ಳಗೆ ಮಬ್ಬು ಕೂರುತ್ತದೆ. ನಮ್ಮ ಕಡೆ ಎರೆಮಣ್ಣಿನ ಧೂಳು, ಬೇಸಿಗೆಯಲ್ಲಿ ನಲವತ್ತು ದಾಟುವ ಬಿಸಿಲು, ಮಳೆಗಾಲದ ಹಸಿ. ಹಿಗ್ಗಿ ಕುಗ್ಗಿ ರ‍್ಯಾಮ್ ಸ್ಲಾಟಿನಲ್ಲಿ ಕೂದಲೆಳೆಯಷ್ಟು ಸಡಿಲಾಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಉಳಿದ ಕರೆಂಟು ಇಳಿಸಿ, ಡಬ್ಬಿಯ ತಗಡಿಗೊಮ್ಮೆ ಕೈ ಮುಟ್ಟಿಸಿ ಮೈಯ ಚಾರ್ಜ್ ಕಳೆದು, ಎರಡೂ ಕಡೆಯ ಕ್ಲಿಪ್ಪು ತೆಗೆದು ರ‍್ಯಾಮ್ ಎತ್ತಿರಿ. ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಕ್ಲಿಪ್ಪು ಟಕ್ ಅನ್ನುವ ತನಕ ಒತ್ತಿ ಕೂರಿಸಿರಿ. ಪುಡಿ ಸ್ಲಾಟಿನೊಳಗೆ ಬೀಳಬಾರದು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿರಿ. ಎರಡನ್ನೂ ಒಮ್ಮೆಲೇ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ಕೊನೆಗೂ ತಿಳಿಯುವುದಿಲ್ಲ.

ಡಬ್ಬಿ ಬಿಚ್ಚಿದಾಗ ಪ್ರೊಸೆಸರಿನ ಸುತ್ತ ನಿಂತ ಸಣ್ಣ ಡ್ರಮ್ಮಿನಂಥ ಕೆಪಾಸಿಟರುಗಳ ತಲೆ ನೋಡಿರಿ. ಚಪ್ಪಟೆ ಇರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಬೋರ್ಡಿನ ಆಯುಷ್ಯ ಮುಗಿಯುತ್ತ ಬಂತು. 2000ರ ದಶಕದ ಮೊದಲ ಅರ್ಧದಲ್ಲಿ ಇಂಥ ಕೆಟ್ಟ ಕೆಪಾಸಿಟರು ಹೊತ್ತ ಬೋರ್ಡುಗಳು ಜಗತ್ತಿನ ತುಂಬ ಹೋಗಿದ್ದವು.

ಮೂರನೇ ನಿಲ್ದಾಣಕ್ಕೆ ಬರುತ್ತೇನೆ: ವಿಂಡೋಸಿನ ಗುರುತಿನ ತನಕ ಬಂದು ನಿಲ್ಲುವುದು. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕಂದರೆ ನಾನೇ ಒಬ್ಬರ ಮನೆ ಹಾಳು ಮಾಡಿದ್ದು ಇಲ್ಲೇ.

ಬೀಳಗಿ ಕಡೆಯ ಒಂದು ಹಳ್ಳಿ. ಮಾಸ್ತರರೊಬ್ಬರು ತಮ್ಮ ತಾಯಿ ಹೇಳುವ ಗರತಿಯ ಹಾಡುಗಳನ್ನು ನುಡಿಯಲ್ಲಿ ಟೈಪ್ ಮಾಡಿ ಇಡುತ್ತಿದ್ದರು. ಬೀಸುವಾಗಿನ ಹಾಡು, ಕುಟ್ಟುವ ಹಾಡು, ತವರಿನ ಹಾಡು. ಒಂದು ದಿನ ಮಷಿನ್ ಹತ್ತಿ, ವಿಂಡೋಸಿನ ಗುರುತು ಬರುತ್ತಿದ್ದ ಹಾಗೆ ನೀಲಿ ಪರದೆ ಮಿಂಚಿ ಮರಳಿ ಚಾಲೂ ಆಗತೊಡಗಿತು. ನಾನು ಆಗ ಎಳೆಯ, ಅವಸರದವ. ನೀಲಿ ಪರದೆಯಲ್ಲಿ ಏನು ಬರೆದಿದೆ ಅಂತ ಓದುವಷ್ಟು ವ್ಯವಧಾನ ಇರಲಿಲ್ಲ. "ವಿಂಡೋಸ್ ಹೋಗೇತ್ರಿ, ಫಾರ್ಮ್ಯಾಟ್ ಹೊಡೀತೇನಿ. ಡಿ ಡ್ರೈವಿನ್ಯಾಗ ಇದ್ದದ್ದು ಹಾಂಗ ಉಳಿತೈತಿ" ಅಂದೆ. ಮಾಸ್ತರು ಹೂಂ ಅಂದರು. ಒಂದೂವರೆ ತಾಸಿನಲ್ಲಿ ಹೊಸ ವಿಂಡೋಸ್ ಬಂತು, ನನ್ನ ರೊಕ್ಕವೂ ಬಂತು. ಅವರು ಕುರ್ಚಿಯಲ್ಲಿ ಕೂತು ಒಂದು ಮಾತು ಕೇಳಿದರು: "ತಮ್ಮಾ, ಇಲ್ಲೇ ಮುಂದ ಪರದೆ ಮ್ಯಾಲ ಒಂದು ಹಳದಿ ಪೆಟಗಿ ಇತ್ತಲ್ಲ, ಹಾಡಿಂದು, ಅದೆಲ್ಲಿ ಹೋತು?"

ಡೆಸ್ಕ್‌ಟಾಪ್ ಅನ್ನುವುದು ಕಣ್ಣಿಗೆ ಎದುರಿಗೇ ಕಂಡರೂ ಅದು ಇರುವುದು ವಿಂಡೋಸ್ ಕೂತ ಸಿ ಡ್ರೈವಿನ ಹೊಟ್ಟೆಯಲ್ಲಿ. ಸಿ ಒರೆಸಿದರೆ ಡೆಸ್ಕ್‌ಟಾಪೂ ಹೋಯಿತು, ಮೈ ಡಾಕ್ಯುಮೆಂಟ್ಸೂ ಹೋಯಿತು. ನನಗೆ ಇದು ಗೊತ್ತಿತ್ತು. ಕೇಳಲಿಲ್ಲ, ಅಷ್ಟೇ.

ಎಂಟೊಂಬತ್ತು ತಿಂಗಳಾದ ಮೇಲೆ ಅದೇ ಮಷಿನ್, ಅದೇ ನೀಲಿ ಪರದೆ. ಈ ಸಲ ನಾಚಿಕೆಗಾದರೂ ಓದಿದೆ. ಉದ್ದನೆಯ ಸಂಖ್ಯೆ, ಕೊನೆಯಲ್ಲಿ 7ಬಿ. ಅದರರ್ಥ ವಿಂಡೋಸಿಗೆ ತಾನೇ ಕೂತಿರುವ ಡಿಸ್ಕು ಕಾಣುತ್ತಿಲ್ಲ ಅಂತ. ಮರಳಿ ಚಾಲೂ ಮಾಡಿ ಡಿಲೀಟ್ ಕೀ ಒತ್ತಿ ಬಯೋಸಿನೊಳಗೆ ಹೋದೆ. ತಾರೀಖು 2009ರ ಜನವರಿ 1, ಸಮಯ ಮಧ್ಯರಾತ್ರಿ ದಾಟಿ ಮೂರು ನಿಮಿಷ. ಆಗ ತಲೆಯಲ್ಲಿ ದೀಪ ಹತ್ತಿತು.

ಬೋರ್ಡಿನ ಮೇಲೆ ಎಂಟಾಣೆಗಿಂತ ತುಸು ದಪ್ಪನೆಯ ಒಂದು ಗುಂಡು ಬ್ಯಾಟರಿ ಇರುತ್ತದೆ. ಸಿಆರ್ 2032 ಅಂತ ಅದರ ಹೆಸರು. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟು. ಮಷಿನ್ ಬಂದ್ ಇದ್ದಾಗ ಗಡಿಯಾರ ಓಡಿಸುವುದು, ಬಯೋಸಿನಲ್ಲಿ ನೀವು ಮಾಡಿದ ಸೆಟ್ಟಿಂಗು ನೆನಪಿಡುವುದು ಇದರ ಕೆಲಸ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಸೆಟ್ಟಿಂಗು ಅಂದರೆ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳು. 1984ರ ಎಟಿ ಮಾಡೆಲಿನಲ್ಲಿ ಬ್ಯಾಟರಿಯ ನೆನಪು ಬಂತು. ಅಂದಿನಿಂದ ಈ ಬ್ಯಾಟರಿ ಸತ್ತಾಗೆಲ್ಲ ಕಂಪ್ಯೂಟರಿಗೆ ಮರೆವು ಬರುತ್ತದೆ. ಮರೆತರೆ ಏನು ಮಾಡುತ್ತದೆ? ಕಾರ್ಖಾನೆಯಲ್ಲಿ ಕಲಿಸಿದ್ದಕ್ಕೆ ಮರಳುತ್ತದೆ.

ಈಗ ಡಿಸ್ಕಿನ ಜೊತೆ ಬೋರ್ಡು ಮಾತಾಡುವ ರೀತಿ ಎರಡು: ಹಳೆಯದು ಐಡಿಇ, ಹೊಸದು ಎಎಚ್‌ಸಿಐ. ಮಾಸ್ತರರ ವಿಂಡೋಸ್ 7 ಕೂತಿದ್ದು ಎಎಚ್‌ಸಿಐ ಇದ್ದಾಗ. ಬ್ಯಾಟರಿ ಸತ್ತು ಬಯೋಸ್ ತನ್ನ ಹುಟ್ಟುಗುಣಕ್ಕೆ, ಅಂದರೆ ಐಡಿಇಗೆ ಮರಳಿತು. ವಿಂಡೋಸ್ ಎದ್ದು ನೋಡಿದರೆ ಬಾಗಿಲು ಇದ್ದ ಜಾಗದಲ್ಲಿ ಇಲ್ಲ, ನೀಲಿ ಪರದೆ. ಇನ್ನೂ ಹಳೆಯ ವಿಂಡೋಸ್ ಎಕ್ಸ್‌ಪಿ ಇದ್ದವರಿಗೆ ಇದು ತಿರುವು ಮುರುವು. ಎಕ್ಸ್‌ಪಿಯ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರೇ (ಆ ರೀತಿಯ ಮಾತು ವಿಂಡೋಸಿಗೆ ತಿಳಿಸಿಕೊಡುವ ಪ್ರೋಗ್ರಾಮು) ಇರಲಿಲ್ಲ, ಹಾಗಾಗಿ ಬಹುತೇಕರು ಐಡಿಇಯಲ್ಲೇ ಕೂರಿಸುತ್ತಿದ್ದರು. ಅವರ ಬೋರ್ಡಿನ ಹುಟ್ಟುಗುಣ ಎಎಚ್‌ಸಿಐ ಆಗಿದ್ದು, ಬಯೋಸ್ ಮರೆತು ಅದಕ್ಕೆ ಹೋದರೆ ಅದೇ 7ಬಿ. ಮದ್ದು ಎರಡಕ್ಕೂ ಒಂದೇ. ಬ್ಯಾಟರಿ ಬದಲಿಸು, ಬಯೋಸಿನಲ್ಲಿ ಸಾಟಾ ಮೋಡ್ (ಡಿಸ್ಕಿನ ಜೊತೆ ಮಾತಾಡುವ ರೀತಿ) ಅನ್ನುವ ಸಾಲನ್ನು ಮೊದಲು ಇದ್ದಂತೆ ಮಾಡು, ಎಫ್10 ಒತ್ತಿ ಉಳಿಸು. ಚಹಾ ಭಜಿಯ ರೊಕ್ಕದಲ್ಲಿ ಮುಗಿಯುವ ಕೆಲಸ. ಮೊದಲ ಸಲವೂ ಆದದ್ದು ಇದೇ. ಆಗ ನಾನು ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸನ್ನು ಆ ಐಡಿಇ ಮೇಲೇ ಕೂರಿಸಿ ಬಂದಿದ್ದೆ. ಬ್ಯಾಟರಿಯನ್ನು ನೋಡಿರಲೇ ಇಲ್ಲ. ನಡುವೆ ಯಾರೋ ಡಿಸ್ಕು ಬೇಗ ಓಡಲಿ ಅಂತ ಅದನ್ನು ಎಎಚ್‌ಸಿಐ ಮಾಡಿಕೊಟ್ಟು, ವಿಂಡೋಸಿಗೂ ಡ್ರೈವರ್ ಹಾಕಿ ಹೋಗಿದ್ದರು. ಸತ್ತ ಬ್ಯಾಟರಿ ಅದನ್ನೂ ಮರೆಸಿತ್ತು.

ಮಾಸ್ತರರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ತಾಯಿಯನ್ನು ಕೂರಿಸಿಕೊಂಡು ಹಾಡುಗಳನ್ನು ಮತ್ತೆ ಬರೆದುಕೊಳ್ಳುತ್ತಿದ್ದರು. "ಬರ್ತಾವ ತಮ್ಮಾ, ಆದ್ರ ಮೊದಲಿನ್ಹಂಗ ಬರೂದಿಲ್ಲ. ಅವ್ವ ಒಂದೊಂದು ಸಲ ಒಂದೊಂದ್ಹಂಗ ಹೇಳ್ತಾಳ" ಅಂದರು. ಅಷ್ಟೇ ಅಂದದ್ದು.

ಬ್ಯಾಟರಿ ಸಾಯುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ. ತಾರೀಖು ಹಿಂದೆ ಹೋಗುತ್ತದೆ, ಕಪ್ಪು ಪರದೆಯಲ್ಲಿ ಸಿಮಾಸ್ ಚೆಕ್‌ಸಮ್ ಎರರ್ (ನೆನಪಿಟ್ಟ ಸೆಟ್ಟಿಂಗು ತಾಳೆಯಾಗುತ್ತಿಲ್ಲ) ಅಂತ ಬಂದು ಎಫ್1 ಒತ್ತು ಅನ್ನುತ್ತದೆ. ನಾವು ಎಫ್1 ಒತ್ತಿ ಒತ್ತಿ ವರ್ಷ ಕಳೆಯುತ್ತೇವೆ. ನಮ್ಮ ಮನೆಗಳಲ್ಲಿ ಇದು ಬೇಗ ಸಾಯಲಿಕ್ಕೆ ಕಾರಣವೂ ಇದೆ. ಪ್ಲಗ್ಗಿನಲ್ಲಿ ಕರೆಂಟು ಇರುವ ತನಕ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಧಾರೆ ಬಿಡುತ್ತಲೇ ಇರುತ್ತದೆ, ಆಗ ಬ್ಯಾಟರಿಗೆ ಭಾರವಿಲ್ಲ. ನಾವು ರಾತ್ರಿ ಗೋಡೆಯ ಸ್ವಿಚ್ಚೇ ಬಂದ್ ಮಾಡಿ ಮಲಗುವವರು. ರಾತ್ರಿಯಿಡೀ ಗಡಿಯಾರ ನಡೆಸುವುದು ಆ ಗುಂಡು ಬ್ಯಾಟರಿಯೇ. ಸ್ವಿಚ್ಚು ಬಂದ್ ಮಾಡುವುದು ಬಿಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಕಡೆಯ ಗುಡುಗು ಸಿಡಿಲಿಗೆ ಅದೇ ಒಳ್ಳೆಯದು. ಮೂರ್ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿರಿ. ಬದಲಿಸುವ ಮೊದಲು ಬಯೋಸಿನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿರಿ. ಹಾಕುವಾಗ ಅಧಿಕ ಚಿಹ್ನೆ ಮೇಲೆ.

ನಾಲ್ಕನೇ ನಿಲ್ದಾಣ ಸಣ್ಣದು. ಕಪ್ಪು ಪರದೆ, ಬಿಳಿ ಅಕ್ಷರ: ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್. ಎಕ್ಸ್‌ಪಿಯಲ್ಲಾದರೆ ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್. ವಿಂಡೋಸನ್ನು ಎಬ್ಬಿಸುವ ಫೈಲು ಕಾಣುತ್ತಿಲ್ಲ ಅಂತ ಅರ್ಥ. ಓದಿದವರಿಗೆ ಎದೆ ಝಲ್ ಅನ್ನುತ್ತದೆ. ಮೊದಲು ಪೆನ್‌ಡ್ರೈವು ಕೀಳಿರಿ. ರಾತ್ರಿ ಪ್ರಿಂಟಿಗೆ ಹಾಕಿದ ಪೆನ್‌ಡ್ರೈವು ಅಲ್ಲೇ ಉಳಿದು, ಬೋರ್ಡು ಅದರೊಳಗೆ ವಿಂಡೋಸ್ ಹುಡುಕುತ್ತಿರುತ್ತದೆ. ಹಾಗೂ ಆಗದಿದ್ದರೆ ಬಯೋಸಿನಲ್ಲಿ ಬೂಟ್ ಆರ್ಡರ್, ಅಂದರೆ ವಿಂಡೋಸನ್ನು ಮೊದಲು ಎಲ್ಲಿ ಹುಡುಕಬೇಕು ಅನ್ನುವ ಸರದಿ, ನೋಡಿರಿ. ಅಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಡಿಸ್ಕಿನಿಂದ ಬೋರ್ಡಿಗೆ ಹೋಗುವ, ಹೆಚ್ಚಾಗಿ ಕೆಂಪಗಿರುವ ಸಾಟಾ ವೈರು ಎರಡೂ ತುದಿ ಕಿತ್ತು ಮರಳಿ ಚುಚ್ಚಿರಿ.

ಈಗ ಅಕ್ಕಾರ ಮಷಿನ್ ಬಿಚ್ಚೋಣ. ನಿಜ ಹೇಳುತ್ತೇನೆ, ಮುಂಜಾನೆ ಇದರ ಲಕ್ಷಣ ಕೇಳಿದಾಗ ನನಗೂ ಬ್ಯಾಟರಿಯದೇ ಅನುಮಾನ ಬಂದಿತ್ತು. ಒಮ್ಮೆ ಕೈ ಸುಟ್ಟುಕೊಂಡವನಿಗೆ ಎಲ್ಲೆಡೆ ಅದೇ ಕಾಣುತ್ತದೆ. ಆದರೆ ನೋಡಿರಿ, ತಾರೀಖು ಸರಿ ಇದೆ. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ ಮೂರರ ಹತ್ತಿರ ತೋರಿಸುತ್ತದೆ. ಸಾಟಾ ಮೋಡ್ ಎಎಚ್‌ಸಿಐ. ಇದು ಮಾಸ್ತರರ ರೋಗವಲ್ಲ.

ಮೈಕ್ ಒಂದಿಷ್ಟು ದೂರ ಸರಿಸಿರಿ, ಎಲ್ಲರೂ ಸುಮ್ಮನೆ ಕೇಳಿರಿ. ಕೇಳಿಸಿತೇ? ಟಿಕ್, ಟಿಕ್, ಆಮೇಲೆ ಮೌನ, ಮತ್ತೆ ಟಿಕ್. ಡಿಸ್ಕಿನೊಳಗಿನ ಸೂಜಿ ಒಂದು ಜಾಗ ಓದಲಿಕ್ಕೆ ಹೋಗಿ, ಆಗದೆ, ಮರಳಿ ಬಂದು, ಮತ್ತೆ ಹೋಗುತ್ತಿದೆ. ಒಂದೊಂದು ಕೆಟ್ಟ ಸೆಕ್ಟರಿಗೆ, ಅಂದರೆ ಡಿಸ್ಕಿನ ಸಣ್ಣ ತುಣುಕಿಗೆ, ಹೀಗೆ ಸೆಕೆಂಡುಗಟ್ಟಲೆ ಹಟ ಹಿಡಿಯುತ್ತದೆ. ವಿಂಡೋಸ್ ಪಾಪ ಕಾಯುತ್ತ ಕೂರುತ್ತದೆ. ಹತ್ತು ನಿಮಿಷ ಗುರುತು ಮೇಲೆ ನಿಂತದ್ದು ಇದಕ್ಕೇ.

ಇದಕ್ಕೆ ಫಾರ್ಮ್ಯಾಟ್ ಹೊಡೆದಿದ್ದರೆ? ಕ್ವಿಕ್ ಫಾರ್ಮ್ಯಾಟ್ ಬರೀ ಹೊಸ ಪಟ್ಟಿ ಬರೆಯುತ್ತದೆ, ವಿಂಡೋಸ್ ಹೇಗೋ ಕೂರುತ್ತಿತ್ತು. ಅಕ್ಕಾರು ಖುಷಿಯಿಂದ ಮನೆಗೆ ಒಯ್ದು ತಿಂಗಳೊಳಗೆ ಮರಳಿ ತರುತ್ತಿದ್ದರು. ಪೂರ್ತಿ ಫಾರ್ಮ್ಯಾಟ್ ಆದರೆ ಇನ್ನೂ ಕಷ್ಟ: ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಪಾರ್ಟಿಶನ್ (ಸಿ, ಡಿಯಂಥ ಡಿಸ್ಕಿನ ಪಾಲು) ಮೇಲೆ ಸೊನ್ನೆ ಬರೆಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತರುವುದಿಲ್ಲ. ಡಿಸ್ಕಿನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸಿರಿ ಅನ್ನುವವರೂ ಇದ್ದಾರೆ. ಸಾಯುತ್ತಿರುವ ಡಿಸ್ಕಿಗೆ ಅದು ದಮ್ಮು ಹತ್ತಿದವನನ್ನು ಬಾದಾಮಿ ಗುಡ್ಡ ಹತ್ತಿಸಿದ ಹಾಗೆ. ಮೊದಲು ಫೈಲು ಹೊರಗೆ, ಉಳಿದದ್ದು ಆಮೇಲೆ.

ಹೊರಗೆ ತೆಗೆಯುವುದು ಹೇಗೆ, ವಿಂಡೋಸೇ ಏಳುತ್ತಿಲ್ಲವಲ್ಲ? ಈ 8 ಜಿಬಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಇದೆ, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಪುಕ್ಕಟೆ. ಡಿಸ್ಕಿಗೆ ಕೂರಿಸದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಚಾಲೂ ಮಾಡುತ್ತ ಎಫ್12 ಒತ್ತುತ್ತೇನೆ. ಕೆಲವು ಬೋರ್ಡಿನಲ್ಲಿ ಎಫ್8, ಎಫ್11 ಅಥವಾ ಎಸ್ಕೇಪ್ ಇರುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವು ಆರಿಸುತ್ತೇನೆ. ಬಂತು ನೋಡಿರಿ. ಪರದೆ ಮೇಲೆ ಇನ್‌ಸ್ಟಾಲ್ ಅಂತ ಒಂದು ಗುರುತು ಇದೆ, ಅದರ ಹತ್ತಿರ ಮಾತ್ರ ಹೋಗಬೇಡಿರಿ. ಇಲ್ಲಿ ಡಿಸ್ಕ್ಸ್ ಅನ್ನುವ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ಅಂತ ಡಿಸ್ಕಿನ ಜಾತಕ ಇರುತ್ತದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ (ಈಗ ಓದಲಾಗದೆ ಉಳಿದ ಸೆಕ್ಟರುಗಳ ಲೆಕ್ಕ) ಅನ್ನುವ ಸಾಲು ಸೊನ್ನೆ ಇರಬೇಕಾಗಿತ್ತು, ಮೂರು ಅಂಕಿಗೆ ಹೋಗಿದೆ. ಅನುಮಾನ ಉಳಿಯಲಿಲ್ಲ. ಅಕ್ಕಾರು ತಂದ ಹೊರಗಿನ ಡಿಸ್ಕಿಗೆ ಕಾಪಿ ಹಚ್ಚುತ್ತೇನೆ: ಮೊದಲು ಲಗ್ನಪತ್ರಿಕೆಗಳ ಪೆಟ್ಟಿಗೆ, ಆಮೇಲೆ ಡೆಸ್ಕ್‌ಟಾಪ್, ಆಮೇಲೆ ಫಾಂಟ್ಸ್. ಫಾಂಟು ಬಿಟ್ಟು ಬರೀ ಫೈಲು ಒಯ್ದರೆ ತೆರೆದಾಗ ಕನ್ನಡದ ಜಾಗದಲ್ಲಿ ಕೊಂಬು ಮೀಸೆ ಹಚ್ಚಿದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಹಳೆಯ ನುಡಿ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕೂರಿಸಿದಂಥವು. ಫಾಂಟು ಇಲ್ಲದಿದ್ದರೆ ಮನೆಯ ಮೂಲ ಮಾಲೀಕ ಕಾಣುತ್ತಾನೆ. ಫೈಲು ಕೆಟ್ಟಿರುವುದಿಲ್ಲ, ಹೆದರಬೇಡಿರಿ.

ಕಾಪಿ ಓಡುತ್ತಿರಲಿ. ಅಲ್ಲಿಯ ತನಕ ನಿಮ್ಮ ಪ್ರಶ್ನೆ.

ಹಿಂದಿನ ಸಾಲಿನ ಕಾಕಾ ಒಬ್ಬರು ಎದ್ದರು: "4 ಜಿಬಿ ರ‍್ಯಾಮ್ ಅಂತ ರೊಕ್ಕ ತಗೊಂಡಾರ, ಕಂಪ್ಯೂಟರ್ 3.25 ತೋರಸ್ತೈತಿ. ಮುಕ್ಕಾಲು ಜಿಬಿ ಮೋಸ ಅಲ್ಲೇನ್ರಿ?" ನಕ್ಕರು ಎಲ್ಲರೂ, ಆದರೆ ಇದು ನ್ಯಾಯವಾದ ಪ್ರಶ್ನೆ. ಅಂಗಡಿಯವನು ಮೋಸ ಮಾಡಿಲ್ಲ. ನಿಮ್ಮ ವಿಂಡೋಸ್ 32 ಬಿಟ್ಟಿನದು. ಅದಕ್ಕೆ ಎಣಿಸಲಿಕ್ಕೆ ಬರುವ ಮನೆ ನಂಬರು ಒಟ್ಟು 4 ಜಿಬಿ ಮಾತ್ರ. ಆ ನಂಬರುಗಳಲ್ಲಿ ಮೇಲಿನವನ್ನು ಗ್ರಾಫಿಕ್ಸ್ ಕಾರ್ಡು ಮತ್ತಿತರ ಸಾಮಾನು ಮೊದಲೇ ಹಿಡಿದಿರುತ್ತವೆ, ಉಳಿದದ್ದು ರ‍್ಯಾಮಿಗೆ. 64 ಬಿಟ್ಟಿನ ವಿಂಡೋಸ್ ಹಾಕಿದರೆ ಬಹುಮಟ್ಟಿಗೆ ಪೂರ್ತಿ ಕಾಣುತ್ತದೆ. ಆದರೆ ಹಳೆಯ ಪ್ರಿಂಟರಿಗೆ 64 ಬಿಟ್ಟಿನ ಡ್ರೈವರ್ ಸಿಗುತ್ತದೆಯೇ ಅಂತ ಮೊದಲು ನೋಡಿಕೊಳ್ಳಿರಿ. ಮುಕ್ಕಾಲು ಜಿಬಿ ಆಸೆಗೆ ಪ್ರಿಂಟರ್ ಕಳೆದುಕೊಂಡವರನ್ನು ಕಂಡಿದ್ದೇನೆ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು, ಯಾವ ವೆಬ್‌ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತದೆ, ವೈರಸ್ಸೇ? ತಾರೀಖು ನೋಡವ್ವಾ ಅಂದೆ. ಒಂದೊಂದು ವೆಬ್‌ಸೈಟಿಗೂ ಇಂಥ ದಿನದಿಂದ ಇಂಥ ದಿನದ ತನಕ ಅಂತ ಗುರುತಿನ ಚೀಟಿ ಇರುತ್ತದೆ. ನಿನ್ನ ಕಂಪ್ಯೂಟರ್ 2009ರಲ್ಲಿ ಕೂತಿದ್ದರೆ ಇವತ್ತಿನ ಚೀಟಿ ಅದರ ಪಾಲಿಗೆ ಇನ್ನೂ ಹುಟ್ಟೇ ಇಲ್ಲ. ತಾರೀಖು ಸರಿ ಇದ್ದೂ ಹಾಗೆ ಬಂದರೆ ಬ್ರೌಸರ್ ಹಳತಾಗಿದೆ. ವಿಂಡೋಸ್ 7ಕ್ಕೆ ಸಿಗುವ ಕ್ರೋಮಿನ ಕೊನೆಯ ಆವೃತ್ತಿ 109.

ಮಾನಿಟರ್ ಬದಲಿಸಿದ ಮೇಲೆ ಔಟ್ ಆಫ್ ರೇಂಜ್ ಅಂತ ಬರುವುದನ್ನು ಇನ್ನೊಬ್ಬರು ಕೇಳಿದರು. ಮೊದಲಿನ ಮಾನಿಟರಿನ ರೆಸಲ್ಯೂಷನ್ (ಚಿತ್ರದ ಅಳತೆ) ನೆನಪಿನಲ್ಲಿ ಉಳಿದಿದೆ, ಈಗ ಹಾಕಿದ ಮಾನಿಟರಿಗೆ ಅದು ತಾಳುತ್ತಿಲ್ಲ. ವಿಂಡೋಸ್ 7ರಲ್ಲಿ ಚಾಲೂ ಆಗುವಾಗ ಎಫ್8 ಒತ್ತಿ ಸೇಫ್ ಮೋಡಿಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ತೆಗೆದು, ಮರಳಿ ಚಾಲೂ ಮಾಡಿದರೆ ಮುಗಿಯಿತು.

ವಿಂಡೋಸ್ 10 ಇದ್ದವರಿಗೆ ಒಂದು ಮಾತು. ಶಟ್‌ಡೌನ್ ಮಾಡಿ ಚಾಲೂ ಮಾಡಿದರೆ ಮತ್ತೆ ಅದೇ ತೊಂದರೆ, ರೀಸ್ಟಾರ್ಟ್ ಮಾಡಿದರೆ ಸರಿ ಅಂತಿದ್ದರೆ ಅದು ಫಾಸ್ಟ್ ಸ್ಟಾರ್ಟಪ್ ಕರಾಮತ್ತು. ಶಟ್‌ಡೌನ್ ಅಂದಾಗ ಅದು ಪೂರ್ತಿ ಮಲಗುವುದಿಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಕಣ್ಣು ಮುಚ್ಚುತ್ತದೆ. ಎದ್ದಾಗ ಹಳೆಯ ಗೊಂದಲವೂ ಏಳುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಆ ಗುರುತು ತೆಗೆದುಬಿಡಿರಿ.

"ಎಲ್ಲಾ ಬಿಟ್ಟು ಹನ್ನೊಂದು ಹಾಕಿಬಿಡ್ಲೇನ್ರಿ?" ಅಂತ ಒಬ್ಬ ತಮ್ಮ. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತೆಯ ಸೌಲಭ್ಯ ಕೇಳುತ್ತದೆ, ನಿನ್ನ ಬೋರ್ಡು ಆ ಹೆಸರು ಕೇಳಿರಲಿಕ್ಕಿಲ್ಲ. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಪೇಜ್‌ಮೇಕರಿನ ಮಷಿನ್ನಿಗೆ ಇಂಟರ್ನೆಟ್ ವೈರೇ ಕಿತ್ತುಬಿಡು, ಅದು ಲಗ್ನಪತ್ರಿಕೆ ಮಾಡಿಕೊಂಡಿರಲಿ. ಬ್ಯಾಂಕು, ಮೇಲ್ ಎಲ್ಲ ಬೇರೆ ಕಡೆ ನೋಡು. ತಿರುಗುವ ಡಿಸ್ಕಿನ ಜಾಗಕ್ಕೆ ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ, ಅಂದರೆ ಚಿಪ್ಪಿನ ಡಿಸ್ಕು, ಹಾಕಿಸು. ತಿರುಗುವ ಡಿಸ್ಕಿನ ಸೂಜಿ ಸೆಕೆಂಡಿಗೆ ನೂರರ ಆಸುಪಾಸು ಜಾಗಗಳಿಗೆ ಓಡಾಡೀತು, ಎಸ್‌ಎಸ್‌ಡಿಯಲ್ಲಿ ಓಡಾಡಲಿಕ್ಕೆ ಸೂಜಿಯೇ ಇಲ್ಲ. ಹಳೆಯ ಮಷಿನ್ನಿಗೆ ಹಾಕಿದ ರೊಕ್ಕದಲ್ಲಿ ಸಾರ್ಥಕ ಆಗುವುದು ಅದೊಂದೇ.

ಇಷ್ಟರಲ್ಲಿ ಕಾಪಿ ಮುಗಿದಿತ್ತು. ಮಧ್ಯಾಹ್ನ ಒಂದು ದಾಟಿತ್ತು, ಅಡುಗೆಯವರು ರೊಟ್ಟಿ ಆರುತ್ತವೆ ಅಂತ ಎರಡು ಸಲ ಬಂದು ಹೋಗಿದ್ದರು. ನಾಲ್ಕು ಸಾವಿರ ಚಿಲ್ಲರೆ ಫೈಲುಗಳಲ್ಲಿ ಹನ್ನೊಂದು ಬರಲಿಲ್ಲ. ಹೆಸರು ಒಂದೊಂದಾಗಿ ಓದುತ್ತ ಹೋದೆ, ಅಕ್ಕಾರು ಬೆರಳು ಮಡಚುತ್ತ ಕೇಳುತ್ತಿದ್ದರು. ಜಾತ್ರೆಯ ಹ್ಯಾಂಡ್‌ಬಿಲ್ ಎರಡು, ಯಾವುದೋ ಸಂಘದ ರಸೀದಿ ಪುಸ್ತಕ, ಗೃಹಪ್ರವೇಶದ ಕಾರ್ಡು. ಒಂಬತ್ತನೆಯದು ಒಂದು ಲಗ್ನಪತ್ರಿಕೆ. ಅದಕ್ಕೆ ಮಾತ್ರ ಅವರು ಕೈ ಬೀಸಿದರು.

"ಹೋಗ್ಲಿ ಬಿಡ್ರಿ, ಆ ಜೋಡಿಗಿ ಈಗ ಎರಡು ಮಕ್ಕಳ ಅದಾವ. ಮುಂದಿಂದು ಓದ್ರಿ."